ಇರುವೆ ಎಲ್ಲಿಗೆ ಹೋಗ್ತಿತ್ತು?

ಟೀಚರಮ್ಮನ ಎಡಭುಜದ ಮೇಲೆ, ಸೆರಗಿಗೆ ಪಿನ್ನು ಹಾಕುವ ಜಾಗದ ಸುತ್ತ, ಯಾವ ಸೀರೆ ಉಟ್ಟರೂ ಸಣ್ಣ ಸಣ್ಣ ತೂತುಗಳಿರುತ್ತಿದ್ದವು. ಮೊದಲ ಸಲ ನೋಡಿದಾಗ ನುಸಿ ಹೊಡೆದಿದೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅವು ಒಂದು ಗೊರವಂಕದ ಉಗುರಿನ ಗುರುತುಗಳು. ಒಂದು ಕಾಲು ಸೊಟ್ಟಗಿದ್ದ ಆ ಹಕ್ಕಿ, ಬೆಳಿಗ್ಗೆ ಅವರು ಗಿಡಕ್ಕೆ ನೀರು ಹಾಕುವಾಗ ಕಾಂಪೌಂಡಿನಿಂದ ಹಾರಿ ಬಂದು ಭುಜದ ಮೇಲೆ ಕೂರುತ್ತಿತ್ತು. ಸೊಟ್ಟಗಾಲಿಗೆ ಹಿಡಿತ ಸಿಗದು, ಅದಕ್ಕೆ ಇನ್ನೊಂದು ಕಾಲಿನಿಂದ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಒಳ್ಳೊಳ್ಳೆ ಸೀರೆ ಹಾಳಾಗುತ್ತವಲ್ಲ ಎಂದರೆ, "ಇಸ್ತ್ರಿಯವನು ಇದಕ್ಕಿಂತ ದೊಡ್ಡ ತೂತು ಮಾಡಿ ಕೊಡ್ತಾನೆ. ಅವನಿಗೆ ಏನೂ ಅನ್ನಲ್ಲ ನೀನು" ಎಂದು ನಕ್ಕುಬಿಡುತ್ತಿದ್ದರು.

ನಾನು ಮದುವೆಯಾಗಿ ಮಾರೇನಹಳ್ಳಿಗೆ ಬಂದವಳು. ಎರಡನೇ ಮಹಡಿಯಲ್ಲಿ ಬಾಡಿಗೆ ಮನೆ, ಎರಡು ರಸ್ತೆ ದಾಟಿದರೆ ನಮ್ಮ ಪುಟ್ಟ ಚರ್ಚು. ಮಲಗುವ ಮುಂಚೆ ಆ ದಿನ ಸಿಕ್ಕ ಸಣ್ಣ ಸಣ್ಣ ದಯೆಗಳನ್ನು ಬೆರಳು ಮಡಿಸಿ ಎಣಿಸಿ ದೇವರಿಗೆ ಸ್ತೋತ್ರ ಹೇಳುವುದು ನನ್ನ ತಾಯಿ ಕಲಿಸಿದ ಅಭ್ಯಾಸ. ಕಾವೇರಿ ನೀರು ಬಂತು, ಸ್ತೋತ್ರ. ಗ್ಯಾಸು ಭಾನುವಾರ ಬೆಳಿಗ್ಗೆ ಮುಗಿಯದೆ ಸೋಮವಾರ ಮುಗಿಯಿತು, ಸ್ತೋತ್ರ. ಯಜಮಾನರ ಬೆನ್ನು ನೋವು ಕಡಿಮೆಯಾಯಿತು, ಸ್ತೋತ್ರ. ಆ ಎಣಿಕೆಯಲ್ಲಿ ಹಕ್ಕಿ, ಹುಳ, ಮರ ಯಾವುದೂ ಬರುತ್ತಿರಲಿಲ್ಲ. ದೇವರ ದಯೆ ಎಂದರೆ ನಮ್ಮ ಹೊಸ್ತಿಲ ಒಳಗೆ ಆಗುವ ಸಂಗತಿ ಎಂದೇ ತಿಳಿದಿದ್ದೆ.

ಟೀಚರಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಚರ್ಚಿನ ಹಿಂದಿನ ರಸ್ತೆಯಲ್ಲಿ ನೆಲಮಹಡಿಯ ಎರಡು ಕೋಣೆಯಲ್ಲಿ ಒಬ್ಬರೇ ಇದ್ದರು. ಒಬ್ಬರೇ ಎಂದರೆ ಅವರು ಒಪ್ಪುತ್ತಿರಲಿಲ್ಲ. "ಎಣಿಸಿ ನೋಡು ಬಾ" ಎನ್ನುತ್ತಿದ್ದರು. ಸಂಡೇ ಸ್ಕೂಲು ಅವರದೇ ಕೈಯಲ್ಲಿತ್ತು. ಮಕ್ಕಳಿಗೆ ಚಾಪೆ ಹಾಸಲು, ಬಿಸ್ಕತ್ತು ಹಂಚಲು ಒಬ್ಬರು ಬೇಕೆಂದು ಚರ್ಚಿನ ಸಭಾಪಾಲಕರು, ಅಂದರೆ ಪಾದ್ರಿಗಳು, ನನ್ನನ್ನು ಕಳಿಸಿದರು. ಹೋದ ಮೊದಲ ದಿನವೇ ತಬ್ಬಿಬ್ಬಾದೆ. ಅಲ್ಲಿ ಹಾಜರಿ ಕೂಗಿದರೆ ಯಾರೂ "ಪ್ರೆಸೆಂಟ್ ಮಿಸ್" ಎನ್ನುವುದಿಲ್ಲ. ಹೆಸರು ಕರೆದ ಕೂಡಲೆ ಮಗು ಎದ್ದು, ಆ ವಾರ ತಾನು ಕಣ್ಣಾರೆ ನೋಡಿದ ಒಂದು ಜೀವದ ಹೆಸರು ಹೇಳಬೇಕು.

"ಮರಕುಟಿಗ, ಟೀಚರ್."

"ಎಲ್ಲಿ?"

"ನಮ್ಮನೆ ಎದುರಿನ ಲೈಟ್ ಕಂಬದಲ್ಲಿ."

"ಕಂಬ ಕುಟ್ತಿತ್ತಾ? ಪಾಪ, ತಲೆನೋವು ಬಂದಿರುತ್ತೆ. ಕೂತ್ಕೋ."

ಇನ್ನೊಬ್ಬಳು ಹುಲಿ ಎಂದಳು. ಟೀವಿಯಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ ಎಂದು ಆಬ್ಸೆಂಟ್ ಹಾಕಿದರು. ಕೊನೆಗೆ ನನ್ನ ಕಡೆ ತಿರುಗಿ, "ಏನಮ್ಮಾ, ನೀನೇನು ನೋಡಿದೆ?" ಎಂದರು. ಎಲ್ಲ ಮಕ್ಕಳೂ ನನ್ನನ್ನೇ ನೋಡುತ್ತಿದ್ದವು. ಬಾಯಿಗೆ ಬಂದದ್ದು ಹೇಳಿದೆ, "ಇರುವೆ."

"ಕಪ್ಪಾ, ಕೆಂಪಾ?"

"ಬಣ್ಣ ನೋಡ್ಲಿಲ್ಲ."

"ಎಲ್ಲಿಗೆ ಹೋಗ್ತಿತ್ತು?"

ನನಗೇನು ಗೊತ್ತು? ಸಕ್ಕರೆ ಡಬ್ಬಿಯ ಮೇಲಿದ್ದುದನ್ನು ಒರೆಸು ಬಟ್ಟೆಯಿಂದ ಒರೆಸಿ ಹಾಕಿದ್ದೆ ಅಷ್ಟೆ. ಮಕ್ಕಳು ಕಿಸಕ್ಕನೆ ನಕ್ಕವು. ಟೀಚರಮ್ಮ ನಗಲಿಲ್ಲ. "ಮುಂದಿನ ವಾರ ಹೇಳುವಿಯಂತೆ" ಎಂದು ನನ್ನ ಹೆಸರನ್ನೂ ಹಾಜರಿ ಪುಸ್ತಕದ ಕೊನೆಯಲ್ಲಿ ಬರೆದುಕೊಂಡರು.

ಚರ್ಚಿನಲ್ಲಿ ಇದು ಎಲ್ಲರಿಗೂ ಹಿಡಿಸುತ್ತಿತ್ತು ಎಂದೇನಿಲ್ಲ. ನಮ್ಮ ಕಾರ್ಯದರ್ಶಿಗಳು ಶಿಸ್ತಿನ ಮನುಷ್ಯ, ಗಡಿಯಾರದ ಮೇಲೆ ಒಂದು ಕಣ್ಣಿಟ್ಟೇ ಪ್ರಾರ್ಥನೆ ಮಾಡುವವರು. "ಇದು ಸಂಡೇ ಸ್ಕೂಲೋ, ಬನ್ನೇರುಘಟ್ಟನೋ?" ಎಂದು ಅವರು ಟೀಚರಮ್ಮನ ಎದುರಿಗೇ ಕೇಳುತ್ತಿದ್ದರು. ನಮ್ಮ ಮಹಿಳಾ ಕೂಟದಲ್ಲೂ, ಪ್ರಾಣಿಗಳಿಗೆ ಆತ್ಮವಿಲ್ಲ, ಅವುಗಳ ಸುದ್ದಿಗೆ ದೇವರ ಸಮಯ ಯಾಕೆ ಹಾಳುಮಾಡಬೇಕು ಎಂಬ ಗೊಣಗಾಟವಿತ್ತು. ನಿಜ ಹೇಳಬೇಕೆಂದರೆ ನಾನೂ ಗೊಣಗಿದ್ದೆ. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವರು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಹುಳ ಸಿಕ್ಕಿದ ಕಾಯನ್ನು ಪಕ್ಕಕ್ಕಿಟ್ಟು ಹೇಳಿದರು:

"ನಿನ್ನ ಮನೆಗೆ ನೆಂಟರು ಬಂದ್ರು ಅಂತ ಇಟ್ಕೋ. ನೀನು ಬೆಳಿಗ್ಗೆಯಿಂದ ನಿಂತು ಅಡುಗೆ ಮಾಡಿದೀಯ. ಅವರು ಎಲೆ ಮುಂದೆ ಕೂತು, ಆಹಾ ಏನು ಅಡುಗೆಯವಳಮ್ಮ ನೀನು, ನಿನ್ನಂಥೋರು ಇನ್ನೊಬ್ರಿಲ್ಲ ಅಂತ ಹಾಡಿ ಹೊಗಳಿ, ಒಂದು ತುತ್ತೂ ಬಾಯಿಗಿಡದೆ ಎದ್ದು ಹೋದ್ರೆ ನಿನಗೆ ಹೇಗಾಗುತ್ತೆ?"

"ಉರಿದು ಹೋಗುತ್ತೆ."

"ಹೂಂ. ಭಾನುವಾರ ಬಂದು ನಾವು ಮಾಡ್ತಿರೋದು ಅದೇ."

ಅಡುಗೆಮನೆಯ ಮಾತು ನನಗೆ ಬೇಗ ಹತ್ತುತ್ತದೆ ಎಂಬುದು ಅವರಿಗೆ ಅಷ್ಟರಲ್ಲೇ ತಿಳಿದಿತ್ತು. ಹಾಗೆಂದು ಅವರನ್ನು ಸಾಧ್ವಿ ಮಾಡಿ ಕೂರಿಸುವುದು ಬೇಡ. ಹಾಡಿನಲ್ಲಿ ಶ್ರುತಿ ತಪ್ಪಿದವರನ್ನು ತಿರುಗಿ ದುರುಗುಟ್ಟಿ ನೋಡುತ್ತಿದ್ದರು. ಕೋಳಿ ಸಾರನ್ನು ಚಪ್ಪರಿಸಿ ತಿನ್ನುತ್ತಿದ್ದರು, ಆದರೆ "ಈ ಕೋಳಿಗಾಗಿ ಸ್ತೋತ್ರ" ಎಂದು ಹೇಳದೆ ತುತ್ತೆತ್ತುತ್ತಿರಲಿಲ್ಲ, ತಟ್ಟೆಯಲ್ಲಿ ಒಂದು ಚೂರೂ ಬಿಡುತ್ತಿರಲಿಲ್ಲ. ಇಷ್ಟೆಲ್ಲ ಜೀವ ಪ್ರೀತಿಸುವ ಈ ಹೆಂಗಸಿಗೆ ಹಲ್ಲಿ ಕಂಡರೆ ಪ್ರಾಣ ಹೋಗುತ್ತಿತ್ತು. ಒಂದು ಸಲ ನಾನು ಹೋದಾಗ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು, ಕೈಯಲ್ಲಿ ಪೊರಕೆ. "ಅದನ್ನೂ ಅವನೇ ಮಾಡಿದ್ದು ಅಂತ ನನಗೆ ಗೊತ್ತು ಕಣೇ. ಮಾಡೋ ಮುಂಚೆ ಒಂದು ಮಾತು ಕೇಳ್ಬಹುದಿತ್ತು. ಮೊದಲು ಅದನ್ನ ಓಡಿಸು."

ನಾನು ಬರೆಯಬೇಕೆಂದಿರುವುದು ಒಂದು ಗರಿಗಳ ಭಾನುವಾರದ ಸಂಗತಿ. ಈಸ್ಟರಿಗೆ ಒಂದು ವಾರ ಮುಂಚೆ ಬರುವ ಆ ದಿನ, ಯೇಸುಸ್ವಾಮಿ ಕತ್ತೆಮರಿಯ ಮೇಲೆ ಯೆರೂಸಲೇಮಿಗೆ ಬಂದುದರ ನೆನಪಿಗೆ, ನಾವೆಲ್ಲ ಕೈಯಲ್ಲಿ ಗರಿ ಹಿಡಿದು "ಹೊಸನ್ನ" ಎಂದು ಜಯಕಾರ ಹಾಡುತ್ತ ಗೇಟಿನಿಂದ ಚರ್ಚಿನೊಳಗೆ ಮೆರವಣಿಗೆ ಬರುತ್ತೇವೆ. ನಮ್ಮ ಅಂಗಳದಲ್ಲಿ ಒಂದು ತೆಂಗಿನಮರ, ಒಂದು ಹೊಂಗೆಮರ ಇವೆ. ಗರಿ ಆ ತೆಂಗಿನದೇ. ಆ ವರ್ಷ ಗರಿಯ ಕೆಲಸ ಮೊದಲ ಬಾರಿಗೆ ನನ್ನ ಪಾಲಿಗೆ ಬಂದಿತ್ತು. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿ ಭೇಷ್ ಎನ್ನಿಸಿಕೊಳ್ಳಬೇಕೆಂಬ ಆಸೆ ನನಗೆ.

ಹಿಂದಿನ ವಾರವೇ ಟೀಚರಮ್ಮ ಹೇಳಿದ್ದರು. "ಮರಕ್ಕೆ ಕತ್ತಿ ಹಾಕಿಸೋ ಮುಂಚೆ ನನ್ನ ಕರಿ. ನಾನೊಂದು ಸಲ ನೋಡ್ಬೇಕು."

ಹೂಂ ಎಂದಿದ್ದೆ. ಆದರೆ ಶನಿವಾರ ಬರಬೇಕಿದ್ದ ಮರ ಹತ್ತುವವರು ಬರಲಿಲ್ಲ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬ್ಯಾಡರಹಳ್ಳಿಯಿಂದ ಟಿವಿಎಸ್ ಮೇಲೆ ಬಂದಿಳಿದರು. ಎಂಟಕ್ಕೆ ಮೆರವಣಿಗೆ. ಈಗ ಟೀಚರಮ್ಮನನ್ನು ಕರೆದರೆ ಮರದ ಕೆಳಗೆ ಅರ್ಧ ಗಂಟೆ ಪಾಠವಾಗುತ್ತದೆ, ಗರಿ ಸೀಳುವುದು ಯಾವಾಗ? ಕರೆಯಲಿಲ್ಲ. "ಹತ್ತಿ ಅಣ್ಣ, ಬೇಗ" ಎಂದೆ.

ನಾಲ್ಕನೆಯ ಗರಿಯ ಜೊತೆ ಏನೋ ಉಂಡೆಯಂತಹದು ದೊಪ್ಪನೆ ಬಿತ್ತು. ತೆಂಗಿನ ನಾರು, ಹತ್ತಿ, ಮಧ್ಯೆ ಕೆಂಪು ದಾರ. ಅದು ಅಳಿಲಿನ ಗೂಡು. ಬಗ್ಗಿ ನೋಡಿದೆ. ಬೆರಳುದ್ದದ ಗುಲಾಬಿ ಮರಿಗಳು ನಾಲ್ಕು, ಕಣ್ಣು ಇನ್ನೂ ತೆರೆದಿರಲಿಲ್ಲ. ಮೂರು ಮಿಸುಕಾಡುತ್ತಿದ್ದವು. ಒಂದು ಮಿಸುಕಾಡಲಿಲ್ಲ.

ಮರ ಹತ್ತಿದವರು ಸರಸರನೆ ಇಳಿದು ಬಂದು ಕೈಮುಗಿದರು. "ಅಯ್ಯೋ, ರಾಮದೇವ್ರು ಬೆನ್ನು ಸವರಿದ ಜೀವ ಕಣಮ್ಮ. ಹಬ್ಬದ ದಿನ ನನ್ ಕೈಯಲ್ಲಿ ಹಿಂಗಾಯ್ತಲ್ಲ. ನಾನು ಇನ್ನು ಹತ್ತಾಕಿಲ್ಲ."

ನಾನು ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಗೂಡನ್ನು ಮರಿಗಳ ಸಮೇತ ಖಾಲಿ ಮೇಣದಬತ್ತಿ ಡಬ್ಬಕ್ಕೆ ಹಾಕಿ, ಮೆಟ್ಟಿಲ ಕೆಳಗೆ ಒಡೆದ ಕುರ್ಚಿಗಳ ಹಿಂದೆ ಇಟ್ಟುಬಿಟ್ಟೆ. ಆರಾಧನೆ ಮುಗಿದ ಮೇಲೆ ನೋಡಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅವರಿಗೆ, "ಅಣ್ಣ, ಯಾರಿಗೂ ಹೇಳ್ಬೇಡಿ" ಎಂದೆ. ಅವರು ನನ್ನ ಮುಖ ನೋಡದೆ ಕತ್ತಿ ಒರೆಸಿಕೊಂಡರು.

ಏಳು ಗಂಟೆಗೆ ಟೀಚರಮ್ಮ ಬಂದರು. ಗೇಟು ದಾಟಿದೊಡನೆ ತಲೆಯೆತ್ತಿ ತೆಂಗಿನ ಸುಳಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಲ್ಲಿ ಒಂದು ಗೂಡಿತ್ತಲ್ಲ?"

"ಯಾವ ಗೂಡು, ಟೀಚರಮ್ಮ?"

ಕೈಯಲ್ಲಿ ಗರಿ ಹಿಡಿದುಕೊಂಡೇ, ದೇವರ ಮನೆಯ ಅಂಗಳದಲ್ಲಿ, ಅಷ್ಟು ಸಲೀಸಾಗಿ ನನ್ನ ಬಾಯಿಂದ ಸುಳ್ಳು ಬಂತು. ಯೇಸುಸ್ವಾಮಿ ಸೆರೆಯಾದ ರಾತ್ರಿ ಅವನಾರೋ ನನಗೆ ಗೊತ್ತಿಲ್ಲ ಎಂದ ಶಿಷ್ಯನ ಕಥೆಯನ್ನು ಆ ವಾರವೇ ಮಕ್ಕಳಿಗೆ ಹೇಳಿದ್ದೆವು. ಅವನ ಸುಳ್ಳನ್ನು ಅವನಿಗೆ ನೆನಪಿಸಲು ಕೋಳಿ ಕೂಗಿತು. ಮಾರೇನಹಳ್ಳಿಯಲ್ಲಿ ಕೋಳಿ ಇರಲಿಲ್ಲ. ತೆಂಗಿನ ಬೊಡ್ಡೆಗೆ ತಲೆಕೆಳಗಾಗಿ ಅಂಟಿಕೊಂಡು, ಬಾಲ ಎತ್ತೆತ್ತಿ ಬಡಿಯುತ್ತ, ತಾಯಿ ಅಳಿಲು ಚಿಕ್ ಚಿಕ್ ಚಿಕ್ ಎಂದು ಬಿಡುವಿಲ್ಲದೆ ಕೂಗುತ್ತಿತ್ತು. ಅದು ಆಗಲೇ ಕೂಗಲು ಶುರುಮಾಡಿ ಒಂದು ಗಂಟೆಯಾಗಿತ್ತು. ಆಗ ನನಗೆ ಕೇಳಿಸಿತು.

ನಾನು ಅತ್ತುಬಿಟ್ಟೆ. ಮೆಟ್ಟಿಲ ಕಡೆ ಕೈ ತೋರಿಸಿದೆ.

ಬೈಗುಳಕ್ಕೆ ಕಾದಿದ್ದೆ. ಅವರು ಕೇಳಿದ್ದು ಒಂದೇ: "ಮರಿಗಳು ಬೆಚ್ಚಗಿದಾವಾ?"

ಆಮೇಲೆ ಎಲ್ಲ ಸರಸರ ನಡೆಯಿತು. ಕಾಫಿ ಫ್ಲಾಸ್ಕಿಗೆಂದು ಕಾಯಿಸಿಟ್ಟಿದ್ದ ಬಿಸಿನೀರನ್ನು ಒಂದು ಸಣ್ಣ ಬಾಟಲಿಗೆ ತುಂಬಿಸಿ, ಕರವಸ್ತ್ರ ಸುತ್ತಿ ಗೂಡಿನ ಕೆಳಗಿಟ್ಟರು. ಯಾರೋ ಮುಚ್ಚಳದಲ್ಲಿ ಹಾಲು ತಂದರು. "ಹಾಲು ಬೇಡ. ಹಸುವಿನ ಹಾಲು ಹಸುವಿನ ಕರುಗೆ. ಇವಕ್ಕೆ ಅಮ್ಮ ಇದಾಳೆ, ನಾವು ದಾರಿ ಬಿಟ್ರೆ ಬರ್ತಾಳೆ" ಎಂದರು. ಮರ ಹತ್ತುವವರ ಕಡೆ ತಿರುಗಿ, "ಅಣ್ಣ, ನಿಮ್ಮ ರಾಮದೇವರು ಇದರ ಬೆನ್ನು ಸವರಿದ್ರು. ನಮ್ಮ ತಂದೆ ಇದಕ್ಕೆ ಉಸಿರು ಕೊಟ್ಟ. ಯಾರ ಕೈ ಯಾವುದು ಅಂತ ಆಮೇಲೆ ಮಾತಾಡೋಣ. ಈಗ ಈ ಡಬ್ಬನ ಆ ತೆಂಗಿನಮರಕ್ಕೇ ಕಟ್ಟಿ" ಎಂದರು. ಅವರು ಆಳೆತ್ತರದಲ್ಲಿ, ಕದಲದ ಹಾಗೆ ಕಟ್ಟಿದರು.

ಅಷ್ಟರಲ್ಲಿ ಕಾರ್ಯದರ್ಶಿಗಳು ಬಂದರು. ಡಬ್ಬದೊಳಗೆ ಇಣುಕಿ ನೋಡಿದ ಅವರ ಮುಖ ಕೆಂಪಗಾಯಿತು. ಗೂಡಿನ ಹತ್ತಿ ನಮ್ಮ ಚರ್ಚಿನ ಮೊಣಕಾಲೂರುವ ಮೆತ್ತೆಗಳದು, ಕೆಂಪು ದಾರ ಪ್ರಸಂಗಪೀಠದ ಹೊದಿಕೆಯ ಕುಚ್ಚಿನದು. ಎರಡು ತಿಂಗಳಿನಿಂದ ಮೆತ್ತೆ ಹರಿಯುತ್ತಿವೆ ಎಂದು ಅವರು ಸಂಡೇ ಸ್ಕೂಲಿನ ಮಕ್ಕಳನ್ನು ಬೈಯುತ್ತಿದ್ದರು.

"ಕಳ್ಳಿ ಸಿಕ್ಕಿದಳು ಸಾರ್" ಎಂದರು ಟೀಚರಮ್ಮ. "ಈಗ ಒಂದು ಉಪಕಾರ. ಮೆರವಣಿಗೆ ಈ ಗೇಟಿಂದ ಬರೋದು ಬೇಡ. ಜನ ಓಡಾಡಿದ್ರೆ ಅವಳು ಇಳಿಯಲ್ಲ."

"ಏನ್ರಮ್ಮಾ, ಒಂದು ಅಳಿಲಿಗೋಸ್ಕರ ಇಡೀ ಸಭೆ ರೋಡಲ್ಲಿ ನಿಲ್ಬೇಕಾ? ಟೈಮ್ ಆಗಲೇ ಏಳೂ ಐವತ್ತು!"

ಸಭಾಪಾಲಕರು ಬಿಳಿ ಅಂಗಿ ತೊಟ್ಟು ಹೊರಗೆ ಬಂದಿದ್ದರು. ಟೀಚರಮ್ಮ ಅವರಿಗೆ ಹೇಳಿದರು. ದನಿ ಏರಿಸಲಿಲ್ಲ. "ಅಯ್ಯನವರೇ, ಇವತ್ತು ನೀವೇ ಓದೋ ಪಾಠ. ಸ್ವಾಮಿ ಬಂದದ್ದು ಕತ್ತೆಮರಿ ಮೇಲೆ. ಆದ್ರೆ ಶಿಷ್ಯರು ಮರಿನ ಮಾತ್ರ ಬಿಚ್ಕೊಂಡು ಬರಲಿಲ್ಲ, ಅದರ ತಾಯಿನೂ ಕರ್ಕೊಂಡು ಬಂದ್ರು. ಎರಡನ್ನೂ ತನ್ನಿ ಅಂತ ಅವನೇ ಹೇಳಿ ಕಳಿಸಿದ್ದ. ಅಷ್ಟು ದೊಡ್ಡ ದಿನದಲ್ಲೂ ಮರಿಯಿಂದ ತಾಯಿನ ಬೇರೆ ಮಾಡ್ಬಾರ್ದು ಅಂತ ಅವನಿಗೆ ನೆನಪಿತ್ತು."

ಎಷ್ಟೋ ವರ್ಷ ಆ ಪಾಠ ಕೇಳಿದ್ದೇನೆ. ಆ ತಾಯಿಕತ್ತೆಯನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಸಭಾಪಾಲಕರು ಕಾರ್ಯದರ್ಶಿಗಳ ಕಡೆ ತಿರುಗಿ, "ಗೇಟು ಮುಚ್ಚಿ. ಎಲ್ಲರೂ ಹೊರಗೆ ನಿಲ್ಲಲಿ" ಎಂದರು.

ಗರಿ ಹಿಡಿದುಕೊಂಡು ನಾವೆಲ್ಲ ರಸ್ತೆಯಲ್ಲಿ ನಿಂತೆವು. ಹಾಡಿಲ್ಲ, ಹೊಸನ್ನ ಇಲ್ಲ. ತರಕಾರಿ ಗಾಡಿಯವನು ನಮ್ಮ ಮೌನ ನೋಡಿ ತಾನೂ ಕೂಗುವುದನ್ನು ನಿಲ್ಲಿಸಿ, "ಏನ್ ಆಂಟಿ, ಯಾರಾದ್ರೂ ಹೋಗ್ಬಿಟ್ರಾ?" ಎಂದು ಪಿಸುಗುಟ್ಟಿದ. ಎದುರು ಮನೆಯವರು ಬಾಲ್ಕನಿಗೆ ಬಂದರು. ಒಳಗೆ ಟೀಚರಮ್ಮ ಒಬ್ಬರೇ, ಕಾಗೆ ಬಂದರೆ ಓಡಿಸಲು ಕೊಡೆ ಹಿಡಿದು, ಹೊಂಗೆಯ ನೆರಳಲ್ಲಿ ದೂರ ನಿಂತಿದ್ದರು.

ತಾಯಿ ಇಳಿಯಿತು. ಅರ್ಧ ಇಳಿದು ಮತ್ತೆ ಹತ್ತಿತು. ಮತ್ತೆ ಇಳಿಯಿತು. ಡಬ್ಬದೊಳಗೆ ತಲೆ ಹಾಕಿ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು, ನೆಲಕ್ಕೆ ಹಾರಿ, ಅಂಗಳದಲ್ಲಿ ಓಡಿ, ಹೊಂಗೆಮರ ಹತ್ತಿ ಪೊಟರೆಯೊಳಗೆ ಹೋಯಿತು. ಟೀಚರಮ್ಮನ ಕಾಲಿನಿಂದ ನಾಲ್ಕು ಮಾರು ದೂರವಷ್ಟೆ. ಅವರು ಕದಲಲಿಲ್ಲ. ಎರಡನೆಯದಕ್ಕೂ ಹಾಗೇ ಬಂತು. ಮೂರನೆಯದಕ್ಕೆ ಬರಲೇ ಇಲ್ಲ. ಐದು ನಿಮಿಷ. ಹತ್ತು ನಿಮಿಷ. ಕಾಂಪೌಂಡಿನ ಮೇಲೆ ಒಂದು ಕಾಗೆ ಬಂದು ಕೂತಿತು, ಇನ್ನೊಂದು ಬಂತು. ನಾನು ಗೇಟಿನ ಸರಳು ಹಿಡಿದುಕೊಂಡು ಪ್ರಾರ್ಥಿಸಿದೆ. ನನ್ನ ಮಗನ ಪರೀಕ್ಷೆಗೂ ಅಷ್ಟು ಮನಸ್ಸಿಟ್ಟು ಪ್ರಾರ್ಥಿಸಿರಲಿಲ್ಲ. ನಾನು ಬೀಳಿಸಿದ್ದನ್ನು ನೀನು ಎತ್ತು, ತಂದೆ, ಇದೊಂದನ್ನು ಎತ್ತು.

ಟೀಚರಮ್ಮ ಕೊಡೆಯನ್ನು ಫಟ್ಟನೆ ಬಿಚ್ಚಿದರು. ಕಾಗೆಗಳು ಎದ್ದುಹೋದವು. ಅದೇ ಗಳಿಗೆಯಲ್ಲಿ ಪೊಟರೆಯಿಂದ ಒಂದು ಪುಟ್ಟ ತಲೆ ಹೊರಬಂತು.

ಮೂರನೆಯ ಮರಿಯೂ ಪೊಟರೆ ಸೇರಿದಾಗ, ನಮ್ಮ ಹಿಂದೆ ಯಾರೋ ಉಸಿರು ಬಿಟ್ಟ ಹಾಗೆ "ಹೊಸನ್ನ" ಎಂದರು. ಆಮೇಲೆ ಮಕ್ಕಳು ಶುರುಮಾಡಿದವು, ಮೆಲ್ಲಗೆ, ಗರಿಯನ್ನು ಅಲ್ಲಾಡಿಸದೆ. ಆ ವರ್ಷದ ಮೆರವಣಿಗೆ ನಲವತ್ತು ನಿಮಿಷ ತಡವಾಗಿ, ಪಿಸುದನಿಯಲ್ಲಿ ಒಳಗೆ ಬಂತು.

ಆರಾಧನೆ ಮುಗಿದ ಮೇಲೆ ಟೀಚರಮ್ಮ ಡಬ್ಬ ಬಿಚ್ಚಿ ತಂದು ನನ್ನ ಕೈಗೆ ಕೊಟ್ಟರು. ಒಳಗೆ ನಾಲ್ಕನೆಯದಿತ್ತು.

"ಇದು ನಿನ್ನ ಪಾಲು" ಎಂದರು.

ಹೊಂಗೆಯ ಬುಡದಲ್ಲಿ ಸಣ್ಣ ಸಲಿಕೆಯಿಂದ ಗುಂಡಿ ತೋಡಿದೆ. ನನ್ನ ಕರವಸ್ತ್ರದಲ್ಲಿ ಸುತ್ತಿ ಇಟ್ಟೆ. "ಟೀಚರಮ್ಮ, ಇದಕ್ಕೆ ಪ್ರಾರ್ಥನೆ ಮಾಡ್ಬಹುದಾ?" ಎಂದು ಕೇಳಿದೆ. "ಕೇಳಿಸ್ಕೊಳ್ಳೋನು ಒಬ್ಬನೇ. ಮಾಡು" ಎಂದು ಪಕ್ಕದಲ್ಲಿ ನಿಂತರು. ಕ್ಷಮಿಸು ಎಂದಷ್ಟೇ ಹೇಳಿ ಮಣ್ಣು ಮುಚ್ಚಿದೆ. ಆಗ ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು.

ಮಾರನೆಯ ವರ್ಷ ಗರಿಯ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ನಾನೇ ತಲೆತಗ್ಗಿಸಿ ಕೂತಿದ್ದೆ. ಕಮಿಟಿಯಲ್ಲಿ ಟೀಚರಮ್ಮ ಎದ್ದು, "ಅವಳಿಗೇ ಕೊಡಿ. ಮಿಕ್ಕವರು ಕಡಿಸ್ತಾರೆ. ಇವಳು ನೋಡಿ ಕಡಿಸ್ತಾಳೆ" ಎಂದರು. ಕಾರ್ಯದರ್ಶಿಗಳು ನನ್ನ ಹೆಸರು ಬರೆದುಕೊಂಡರು. ಅಂದಿನಿಂದ ಇಂದಿನವರೆಗೆ ಆ ಕೆಲಸ ನನ್ನದೇ. ನಾನು ತಪ್ಪು ಮಾಡಿದ ಜಾಗಕ್ಕೇ ನನ್ನನ್ನು ಮತ್ತೆ ಕಳಿಸಿದವರು ನನ್ನ ಬದುಕಿನಲ್ಲಿ ಅವರೊಬ್ಬರೇ.

ನನ್ನ ರಾತ್ರಿಯ ಎಣಿಕೆಯೂ ಬದಲಾಯಿತು. ಟೆರೇಸಿನ ನೀರಿನ ಚಿಪ್ಪಿಗೆ ಗುಬ್ಬಿ ಬಂತು, ಸ್ತೋತ್ರ. ಕರಿಬೇವಿನ ಗಿಡದಲ್ಲಿ ಚಿಟ್ಟೆಯ ಹುಳ ಅರ್ಧ ಗಿಡ ತಿಂದಿತು, ಮಿಕ್ಕರ್ಧಕ್ಕೆ ಸ್ತೋತ್ರ. ಬೆರಳುಗಳು ಸಾಲದೆ ಬಂದವು.

ಹೋದ ಮಳೆಗಾಲದಲ್ಲಿ ಟೀಚರಮ್ಮನ ಹೃದಯ ಸೋತಿತು. ನರ್ಸಿಂಗ್ ಹೋಮಿನಲ್ಲಿ ಒಂದು ವಾರ ನಾನೇ ಹಗಲು ಹೊತ್ತು ಜೊತೆಗಿದ್ದೆ. ಮುಚ್ಚಿದ ಕಿಟಕಿ, ಬಿಳಿ ಗೋಡೆ, ಪರದೆ. ಮಾತು ನಿಲ್ಲುವ ಹಿಂದಿನ ದಿನ ಅವರು ಕಣ್ಣು ಬಿಟ್ಟು, "ಹಾಜರಿ" ಎಂದರು. "ಏನು ನೋಡಿದೆ ಈ ವಾರ?"

ನಾನು ಏನೂ ನೋಡಿರಲಿಲ್ಲ. ಅವರಿಗೆ ಮಾತ್ರ ಸುಳ್ಳು ಹೇಳಲಾರೆ. "ನಿಮ್ಮನ್ನೇ ನೋಡ್ತಾ ಇದ್ದೆ" ಎಂದೆ.

"ಅದು ಲೆಕ್ಕಕ್ಕಿಲ್ಲ" ಎಂದರು. ತುಟಿಯ ಕೊನೆಯಲ್ಲಿ ನಗು ಇತ್ತು. "ಮುಂದಿನ ವಾರ ಹೇಳುವಿಯಂತೆ."

ಎರಡು ದಿನಕ್ಕೆ ಕರ್ತನು ಅವರನ್ನು ಕರೆದುಕೊಂಡ. ಮಾಗಡಿ ರಸ್ತೆ ಕಡೆಯ ಸಮಾಧಿ ತೋಟದಲ್ಲಿ, ಸಭಾಪಾಲಕರು ಪ್ರಾರ್ಥನೆ ಮುಗಿಸಿದ ಮೇಲೆ, ಒಬ್ಬೊಬ್ಬರೇ ಬಂದು ಹಿಡಿಮಣ್ಣು ಹಾಕಬೇಕು. ಮೊದಲು ಬಂದವರು ಕಾರ್ಯದರ್ಶಿಗಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು.

"ಕೆಂಬೂತ, ಟೀಚರಮ್ಮ" ಎಂದರು. "ಬುಧವಾರ. ನಮ್ಮನೆ ಹಿಂದಿನ ಸೈಟಲ್ಲಿ."

ಮಣ್ಣು ಹಾಕಿ, ಯಾರ ಮುಖವನ್ನೂ ನೋಡದೆ ಪಕ್ಕಕ್ಕೆ ಸರಿದರು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಸಂಡೇ ಸ್ಕೂಲಿನಲ್ಲಿ ಕಲಿತು ದೊಡ್ಡವರಾದವರು, ಮಕ್ಕಳನ್ನು ಎತ್ತಿಕೊಂಡು ಬಂದವರು. ಪಾತರಗಿತ್ತಿ, ಟೀಚರ್. ಗರುಡ. ಮೆಟ್ರೋ ಸ್ಟೇಷನ್ನಲ್ಲಿ ಬೆಕ್ಕು, ಟೀಚರ್, ಮೂರು ಮರಿ ಹಾಕಿದೆ. ಯಾರೋ ಹಲ್ಲಿ ಎಂದರು. ಅಳುತ್ತಿದ್ದವರೂ ನಕ್ಕರು.

ನನ್ನ ಸರದಿ ಬಂತು. ಬಗ್ಗಿ ಮಣ್ಣು ತೆಗೆದುಕೊಂಡೆ. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಒರೆಸಿಕೊಂಡು ನೋಡಿದರೆ, ಮಣ್ಣಿನ ಜೊತೆ ನನ್ನ ಅಂಗೈ ಮೇಲೆ ಅದು ಬಂದಿತ್ತು. ನಾನು ಕೈ ಕೆಳಗಿಟ್ಟು ಅದು ಇಳಿಯುವವರೆಗೆ ಕಾದೆ. ಅದು ಹೋಗುವುದನ್ನು ಕೊನೆಯವರೆಗೂ ನೋಡಿದೆ. ಹಿಂದೆ ಜನ ಕಾಯುತ್ತಿದ್ದರು, ಕಾಯಲಿ ಎಂದುಕೊಂಡೆ.

"ಇರುವೆ, ಟೀಚರಮ್ಮ" ಎಂದೆ. "ಕಪ್ಪಿರುವೆ. ಬಾಯಲ್ಲಿ ಏನೋ ಬಿಳಿ ಚೂರಿತ್ತು. ಮನೆಗೆ ಹೋಗ್ತಿತ್ತು."